ಇರ್ಫಾನ್‌ವ್ಯೂ: ರಾತ್ರಿ ತೆಗೆದ 180 ಯಕ್ಷಗಾನದ ಫೋಟೋ ಬೆಳಗ್ಗೆ ಗ್ರೂಪಿಗೆ ಹಾಕೋದಕ್ಕೆ

ನಮ್ಮೂರಲ್ಲಿ ಹರಕೆ ಆಟ, ಅಂದ್ರೆ ಹರಕೆಯ ಯಕ್ಷಗಾನ, ಇದ್ರೆ ಫೋಟೋ ತೆಗೆಯೋನು ನಾನೇ, ದುಡ್ಡಿಗಲ್ಲ, ಹುಚ್ಚಿಗೆ. ರಾತ್ರಿಯಿಡೀ ರಂಗಸ್ಥಳದ ಎದುರು ಚಾಪೆ ಮೇಲೆ ಕೂತು ತೆಗೆದಿದ್ರಲ್ಲಿ ಕಣ್ಮುಚ್ಚಿದ್ದು ಅಲ್ಲಾಡಿದ್ದು ಎಲ್ಲಾ ಬಿಟ್ಟು ಒಂದು 180 ಉಳಿಯತ್ತೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಒಂದೊಂದು ಫೋಟೋ 6000 ಬೈ 4000, ಎಂಟೊಂಬತ್ತು ಎಂಬಿ, ಒಟ್ಟು ಒಂದೂವರೆ ಜಿಬಿ. ಮನೆಗೆ ಬಂದು ಮುಖ ತೊಳೆಯೋದ್ರೊಳಗೆ ಫೋನ್ ಶುರು, "ಫೋಟೋ ಹಾಕು ಮಾರಾಯ, ಮುಂಬೈಲಿ ಅಣ್ಣ ಕಾಯ್ತಾ ಇದ್ದ".

ಮೊದ್ಲು ಆನ್‌ಲೈನ್ ಸೈಟುಗಳಲ್ಲೇ ಫೋಟೋ ಸೈಜ್ ಇಳಿಸ್ತಿದ್ದೆ. ಚಿಕ್ಕದು ಮಾಡೋಕೆ ದೊಡ್ಡದನ್ನೇ ಅಪ್‌ಲೋಡ್ ಮಾಡ್ಬೇಕು, ನಮ್ಮನೆ ನೆಟ್‌ವರ್ಕಲ್ಲಿ ಅದು ಹತ್ತು ಫೋಟೋಗೇ ಮಧ್ಯಾಹ್ನ. ಆಮೇಲೆ ಇರ್ಫಾನ್‌ವ್ಯೂ ಹಾಕ್ಕೊಂಡೆ, ಈಗ ನಾಲ್ಕು ವರ್ಷ ಆಯ್ತು. ಇದು ಫೋಟೋ ನೋಡೋಕೆ, ಸೈಜ್ ಇಳಿಸೋಕೆ 1996ರಿಂದ ಇರೋ ಸಾಫ್ಟ್‌ವೇರ್, ಬೋಸ್ನಿಯಾ ಮೂಲದ ಇರ್ಫಾನ್ ಸ್ಕಿಲ್ಯಾನ್ ಅನ್ನೋರು ಮಾಡಿದ್ದು, ಹೆಸರು ಬಂದಿದ್ದು ಅಲ್ಲಿಂದ್ಲೇ. ಮನೆ ಬಳಕೆಗೆ ಫ್ರೀ, ಸ್ಟುಡಿಯೋ ಇಟ್ಕೊಂಡೋರು ಲೈಸೆನ್ಸ್ ತಗೋಬೇಕು. ಐಕಾನ್ ಮಾತ್ರ ರಸ್ತೇಲಿ ಚಪ್ಪಟೆಯಾದ ಕೆಂಪು ಬೆಕ್ಕು, ಯಾಕೋ ದೇವ್ರಿಗೇ ಗೊತ್ತು. ಡೌನ್‌ಲೋಡ್ ಮಾಡಿದ್ರೆ ನನ್ನ ಒಂದು ಫೋಟೋಗಿಂತ ದೊಡ್ಡದೇನಲ್ಲ, ಹಳೇ ಲ್ಯಾಪ್‌ಟಾಪಲ್ಲೂ ಪಟ್ ಅಂತ ಓಪನ್ ಆಗತ್ತೆ.

ಕೀಬೋರ್ಡಲ್ಲಿ ಬಿ ಒತ್ತಿದ್ರೆ ಬ್ಯಾಚ್ ಕನ್ವರ್ಷನ್, ಅಂದ್ರೆ ತುಂಬಾ ಫೋಟೋ ಒಟ್ಟಿಗೇ ಬದಲಾಯಿಸೋದು, ಬರತ್ತೆ. ಫೋಲ್ಡರ್ ಸೇರಿಸಿ, ಅಡ್ವಾನ್ಸ್ಡ್ ಒಳಗೆ ಹೋಗಿ ಲಾಂಗ್ ಸೈಡ್ (ಉದ್ದದ ಬದಿ) 2048 ಪಿಕ್ಸೆಲ್ ಅಂತ ಕೊಟ್ರೆ ಆಯ್ತು, ಅಡ್ಡ ಫೋಟೋ ಉದ್ದ ಫೋಟೋ ಎರಡಕ್ಕೂ ಅದೇ ಲೆಕ್ಕ ತಗೊಳ್ಳತ್ತೆ. ರೀಸ್ಯಾಂಪಲ್ ಅನ್ನೋದು ಟಿಕ್ ಇರ್ಲಿ, ಇಲ್ದಿದ್ರೆ ಗೆಜ್ಜೆ, ಜರಿ ಎಲ್ಲಾ ಮೆಟ್ಲು ಮೆಟ್ಲು ಕಾಣತ್ತೆ. ನಾನು ಕ್ವಾಲಿಟಿ 85 ಇಡ್ತೀನಿ, 180 ಫೋಟೋ ಸೇರಿ 90 ಎಂಬಿ ಆಸುಪಾಸಿಗೆ ಬರತ್ತೆ, ಒಂದು ಚಾ ಕುಡಿಯೋದ್ರೊಳಗೆ ಮುಗೀತು. ಇನ್ನೊಂದು ಲಾಭ ಅಂದ್ರೆ ರಾತ್ರಿ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯೋ ಸೆಟ್ಟಿಂಗ್) ಜಾಸ್ತಿ ಮಾಡಿ ತೆಗೆದ ಫೋಟೋದ ರವೆ ರವೆ ನಾಯ್ಸ್ ಇದ್ಯಲ್ಲ, ಸೈಜ್ ಇಳಿಸಿದಾಗ ಅದೂ ಅರ್ಧ ಅಡಗತ್ತೆ.

ಕೆಲವ್ರು "72 ಡಿಪಿಐ ಮಾಡ್ಬೇಕು" ಅಂತಾರೆ. ಬೇಡ. ಅದು ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಪ್ರಿಂಟ್ ಹಾಕೋ ಲೆಕ್ಕ, ಮೊಬೈಲ್ ನೋಡೋದು ಎಷ್ಟು ಪಿಕ್ಸೆಲ್ ಇದೆ ಅಂತ ಮಾತ್ರ.

ನಾನು ಇದನ್ನ ಬಿಡದೇ ಇರೋಕೆ ನಿಜವಾದ ಕಾರಣ ಜೆಪೆಗ್ ಸೇವ್ ಆಪ್ಶನ್ನಲ್ಲಿರೋ ಒಂದು ಸಣ್ಣ ಟಿಕ್, ಡಿಸೇಬಲ್ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅಂತ. ಮಾಮೂಲಿ ಜೆಪೆಗ್ ಏನ್ ಮಾಡತ್ತೆ ಅಂದ್ರೆ ಬೆಳಕು ನೆರಳಿನ ವಿವರ ಪೂರ್ತಿ ಇಟ್ಕೊಂಡು ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದೇ ಹಂಚತ್ತೆ, ನಮ್ಮ ಕಣ್ಣಿಗೆ ಬಣ್ಣದ ಅಂಚು ಅಷ್ಟು ಗೊತ್ತಾಗಲ್ಲ ಅಂತ. ಗದ್ದೆ, ತೋಟದ ಫೋಟೋಗೆ ಓಕೆ. ಆದ್ರೆ ಹಿಂದೆ ಕಪ್ಪು ಕತ್ಲೆ, ಮುಂದೆ ಕಡುಗೆಂಪು ಮುಂಡಾಸು, ಅದ್ರ ಮೇಲೆ ಸಣ್ಣ ಜರಿ ಪಟ್ಟಿ ಇದ್ರೆ ಕೆಂಪೆಲ್ಲಾ ಬೆವರಿಗೆ ಕುಂಕುಮ ಇಳಿದ ಹಾಗೆ ಅಂಚಲ್ಲಿ ಹರಡಿರತ್ತೆ. ನಾನು ಎರಡು ವರ್ಷ ನನ್ನ ಲೆನ್ಸೇ ಸರಿ ಇಲ್ಲ ಅಂದ್ಕೊಂಡಿದ್ದೆ! ಟಿಕ್ ಹಾಕಿದ್ಮೇಲೆ ಫೈಲ್ ಸ್ವಲ್ಪ ದಪ್ಪ ಆಗತ್ತೆ, ಆದ್ರೆ ಪಟ್ಟಿ ಪಟ್ಟಿಯಾಗೇ ಕಾಣತ್ತೆ. ವಾಟ್ಸಾಪಲ್ಲಿ ಸುಮ್ನೆ ಕಳ್ಸಿದ್ರೆ ಅಲ್ಲಿ ಮತ್ತೆ ಕಂಪ್ರೆಸ್ ಆಗತ್ತೆ, ಹಾಗಾಗಿ ವೇಷಧಾರಿಗಳಿಗೆ ಡಾಕ್ಯುಮೆಂಟ್ ಅಂತಲೇ ಕಳಿಸ್ತೀನಿ. ಡಾಕ್ಯುಮೆಂಟ್ ಆದ್ರೆ ಫೋನಲ್ಲಿ ತೆಗೆದ ಫೋಟೋದ ಲೊಕೇಶನ್ನೂ ಜೊತೆಗೇ ಹೋಗತ್ತೆ, ಮನೇಲಿ ತೆಗೆದಿದ್ದು ಕಳಿಸೋ ಮುಂಚೆ ಇರ್ಫಾನ್‌ವ್ಯೂನಲ್ಲಿ ಸೇವ್ ಮಾಡುವಾಗ ಕೀಪ್ ಎಕ್ಸಿಫ್ (ಫೋಟೋ ಜೊತೆ ಅಡಗಿರೋ ಲೊಕೇಶನ್ನಂಥ ಮಾಹಿತಿ ಉಳಿಸೋದು) ಅನ್ನೋ ಟಿಕ್ ತೆಗೀರಿ.

ಒಂದು ಸಲ ಕೈ ಸುಟ್ಕೊಂಡಿದ್ದೂ ಉಂಟು, ತಪ್ಪು ನಂದೇ. ನಿದ್ದೆಗಣ್ಣಲ್ಲಿ ಔಟ್‌ಪುಟ್ ಫೋಲ್ಡರ್ ಜಾಗಕ್ಕೆ ಅದೇ ಫೋಲ್ಡರ್ ಕೊಟ್ಟು ಓವರ್‌ರೈಟ್ ಟಿಕ್ ಮಾಡ್ಬಿಟ್ಟಿದ್ದೆ, ಒರಿಜಿನಲ್ ಎಲ್ಲಾ ಹೋಗಿ ಚಿಕ್ಕದೇ ಉಳೀತು. ಪುಣ್ಯಕ್ಕೆ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಿರ್ಲಿಲ್ಲ. ಈಗ ಮೊದ್ಲು "ಸಣ್ಣದು" ಅಂತ ಬೇರೆ ಫೋಲ್ಡರ್ ಮಾಡಿ ಆಮೇಲೇ ಬಿ ಒತ್ತೋದು.

ನೋಡೋಕೆ ಹಳೇ ಕಾಲದ ಸಾಫ್ಟ್‌ವೇರೇ, ಕಿಟಕಿ ತುಂಬಾ ಬಟನ್ನು, ಯಾವುದು ಯಾಕೆ ಅಂತ ಗೊತ್ತಾಗೋಕೆ ಒಂದು ವಾರ ಬೇಕು. ವಿಂಡೋಸಿಗೆ ಮಾತ್ರ ಇರೋದು. ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ಫೈಲುಗಳು) ಬೇರೆ ಹಾಕ್ಕೋಬೇಕು, ಹಾಕ್ಕೊಂಡ್ರೆ ಸೇವ್ ಮಾಡುವಾಗ ಇಷ್ಟೇ ಕೆಬಿ ಬೇಕು ಅಂತ ಹೇಳ್ಬಹುದು, ಅಕ್ಕನ ಮಗಳ ಬ್ಯಾಂಕ್ ಪರೀಕ್ಷೆ ಫಾರಂಗೆ ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಕೇಳಿದ್ರಲ್ಲ, ಅದೂ ಇದ್ರಲ್ಲೇ ಆಯ್ತು. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಆ ಬೆಕ್ಕಿಗೆ ಅರ್ಧ ಕಟ್.