ಕರೆಯದೇ ಬಂದ ಸಾಫ್ಟ್‌ವೇರ್ ಹೊರಹಾಕಲು ಯಾವುದು ಮೇಲು: ಆಡ್ವ್‌ಕ್ಲೀನರ್, ರೆವೊ, ಬಿಸಿಯು, ಇಲ್ಲಾ ಫಾರ್ಮ್ಯಾಟ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆಡ್‌ವೇರ್, ಅಂದರೆ ಜಾಹೀರಾತು ತುರುಕುವ ಸಾಫ್ಟ್‌ವೇರ್, ಹುಡುಕಿ ತೆಗೆಯುವ ಆಡ್ವ್‌ಕ್ಲೀನರ್‌ಗೆ. ದುಡ್ಡು ಕೇಳುವುದಿಲ್ಲ, ಇನ್‌ಸ್ಟಾಲ್ ಆಗಿ ಠಿಕಾಣಿ ಹೂಡುವುದೂ ಇಲ್ಲ. ಇಳಿಸಿಕೊಂಡು ಓಡಿಸಿ, ಕೆಲಸ ಮುಗಿದ ಮೇಲೆ ಅಳಿಸಿದರಾಯಿತು. ಬೇಡದ ಸಾಫ್ಟ್‌ವೇರ್ ತೆಗೆಯಲಿಕ್ಕೆ ಇನ್ನೊಂದು ಸಾಫ್ಟ್‌ವೇರ್ ಸಾಕಿಕೊಳ್ಳುವುದು ನನಗೆ ಎಂದೂ ಸರಿಬಂದಿಲ್ಲ.

ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಲ್ಯಾಪ್‌ಟಾಪ್. ನನ್ನ ಲೆಕ್ಕದ ಟ್ಯಾಲಿ, ಕನ್ನಡ ಟೈಪಿಂಗ್‌ನ ನುಡಿ ಅದರಲ್ಲೇ, ಮಗಳ ಕಾಲೇಜು ಪ್ರಾಜೆಕ್ಟ್ ಅದರಲ್ಲೇ, ನೆಂಟರಿಷ್ಟರ ಪ್ರಿಂಟ್‌ಔಟೂ ಅದರಲ್ಲೇ. ಸ್ಕಾಲರ್‌ಶಿಪ್ ಅರ್ಜಿಗೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಲ್ಲ ಒಂದೇ ಪಿಡಿಎಫ್ ಆಗಬೇಕಂತ ತಂಗಿಯ ಮಗ ಯಾವುದೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿದ. ಪಿಡಿಎಫ್ ಏನೋ ಆಯ್ತು. ಅದರ ಹಿಂದೆಯೇ ಒಂದು ಹೊಸ ಬ್ರೌಸರ್, ಒಂದು ‘ಡ್ರೈವರ್ ಅಪ್‌ಡೇಟರ್’, ಹವಾಮಾನ ತೋರಿಸುವ ಪಟ್ಟಿ ಎಲ್ಲ ಬಂದವು. ಕ್ರೋಮ್‌ನಲ್ಲಿ ಏನು ಹುಡುಕಿದರೂ ಹೆಸರೇ ಕೇಳದ ಸರ್ಚ್ ಪೇಜಿಗೆ ಹೋಗಿ ನಿಲ್ಲುತ್ತಿತ್ತು.

ಯಾರ್ಯಾರು ಹೊಸಬರು ಅಂತ ಪತ್ತೆ ಮಾಡಲು ಯಾವ ಟೂಲೂ ಬೇಡ. ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್ ತೆರೆದು ‘ಇನ್‌ಸ್ಟಾಲ್ಡ್ ಆನ್’ ಕಾಲಂ ಒತ್ತಿ. ಒಂದೇ ತಾರೀಖಿನವೆಲ್ಲ ಒಟ್ಟಿಗೆ ಬರುತ್ತವೆ. ಅಪ್‌ಡೇಟ್ ಆದ ಹಳೇ ಪ್ರೋಗ್ರಾಮ್‌ಗಳೂ ಹೊಸ ತಾರೀಖು ತೋರಿಸಬಹುದು, ಅದಕ್ಕೆ ಪಬ್ಲಿಷರ್ ಹೆಸರನ್ನೂ ನೋಡಿ. ಮೈಕ್ರೋಸಾಫ್ಟ್ ವಿಷುವಲ್ ಸಿ++ ಅಂತ ನಾಲ್ಕೈದು ಸಾಲು ಕಂಡರೆ ಮುಟ್ಟಬೇಡಿ. ಅದು ಕಸದ ಹಾಗೆ ಕಾಣುತ್ತದೆ, ಕಸ ಅಲ್ಲ, ಬೇರೆ ಪ್ರೋಗ್ರಾಮ್‌ಗಳು ನಡೆಯಲು ಬೇಕಾದದ್ದು.

ಅಲ್ಲೇ ಇರುವ ವಿಂಡೋಸ್‌ನ ‘ಅನ್‌ಇನ್‌ಸ್ಟಾಲ್’ ಸಭ್ಯ ಸಾಫ್ಟ್‌ವೇರ್‌ಗೆ ಸಾಕು. ಆದರೆ ಅದು ಮಾಡುವುದು ಇಷ್ಟೇ: ಆ ಸಾಫ್ಟ್‌ವೇರ್ ತಾನೇ ತಂದಿಟ್ಟ ಅನ್‌ಇನ್‌ಸ್ಟಾಲರನ್ನು ಓಡಿಸುವುದು. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಡ್ರೈವರ್ ಅಪ್‌ಡೇಟರ್ ‘ಹೋಗಲೇಬೇಕಾ?’ ಅಂತ ದೊಡ್ಡ ಹಸಿರು ಬಟನ್ ತೋರಿಸಿ, ತೆಗೆಯುವ ಬಟನ್ನನ್ನು ಮೂಲೆಯಲ್ಲಿ ಬೂದು ಅಕ್ಷರದಲ್ಲಿ ಅಡಗಿಸಿತ್ತು.

ರೆವೊ ಅನ್‌ಇನ್‌ಸ್ಟಾಲರ್‌ನ ಉಚಿತ ಆವೃತ್ತಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಮೊದಲು ರಿಸ್ಟೋರ್ ಪಾಯಿಂಟ್ (ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳುವ ಗುರುತು) ಮಾಡುತ್ತದೆ, ಆಮೇಲೆ ಅದೇ ಅನ್‌ಇನ್‌ಸ್ಟಾಲರ್ ಓಡಿಸುತ್ತದೆ, ಕೊನೆಗೆ ಉಳಿದ ಫೋಲ್ಡರ್, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಚೂರುಗಳನ್ನು ಹುಡುಕಿ ಮುಂದಿಡುತ್ತದೆ. ಅವುಗಳಲ್ಲಿ ದಪ್ಪಕ್ಷರದವಕ್ಕೆ ಮಾತ್ರ ಟಿಕ್ ಹಾಕಿ. ಹಠಮಾರಿ ಒಂದೇ ಸಾಫ್ಟ್‌ವೇರ್ ಇದ್ದರೆ ನಾನೂ ರೆವೊನೇ ಅನ್ನುತ್ತೇನೆ. ಅನ್‌ಇನ್‌ಸ್ಟಾಲರ್ ಮುರಿದು ಹೋಗಿದ್ದರೆ ಬೇಕಾಗುವ ‘ಫೋರ್ಸ್ಡ್ ಅನ್‌ಇನ್‌ಸ್ಟಾಲ್’ ಮಾತ್ರ ದುಡ್ಡು ಕೊಟ್ಟವರಿಗೆ.

ಬಿಸಿಯು, ಅಂದರೆ ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್, ಓಪನ್ ಸೋರ್ಸ್. ಹತ್ತು ಕಸ ಇದ್ದರೆ ಹತ್ತಕ್ಕೂ ಟಿಕ್ ಹಾಕಿ ಒಂದೇ ಏಟಿಗೆ ತೆಗೆಯಬಹುದು. ಪರದೆ ಮಾತ್ರ ಬಣ್ಣಬಣ್ಣದ ಸಾಲುಗಳ ಸಂತೆ, ಮನೆಯವರ ಕೈಗೆ ಕೊಡಲು ನನಗೆ ಧೈರ್ಯ ಬರಲಿಲ್ಲ.

ಕಂಪ್ಯೂಟರ್ ಚೊಕ್ಕ ಮಾಡುವ ಸಿಸಿಕ್ಲೀನರ್ ಹಾಕು ಅಂದವರೂ ಇದ್ದಾರೆ. 2017ರಲ್ಲಿ ಅದರ ಅಧಿಕೃತ ಆವೃತ್ತಿಯೊಳಗೇ ಹ್ಯಾಕರ್‌ಗಳು ಮಾಲ್‌ವೇರ್ ಸೇರಿಸಿದ್ದರು. 2020ರಲ್ಲಿ ಮೈಕ್ರೋಸಾಫ್ಟ್ ಅದರ ಉಚಿತ ಇನ್‌ಸ್ಟಾಲರನ್ನು ‘ಬೇಡದ ಆಪ್’ ಪಟ್ಟಿಗೆ ಹಾಕಿತು. ಕಾರಣ, ಅದೂ ಜೊತೆಯಲ್ಲಿ ಬೇರೆ ಸಾಫ್ಟ್‌ವೇರ್ ತುರುಕುತ್ತಿತ್ತು! ಅದಕ್ಕೇ ಅದನ್ನು ಹೋಲಿಕೆಗೇ ತಗೊಂಡಿಲ್ಲ.

ಇನ್ನು ನನ್ನ ತಲೆ ತಿಂದ ವಿಷಯ. ಪ್ರೋಗ್ರಾಮ್‌ಗಳೆಲ್ಲ ಹೋದವು, ಕ್ರೋಮ್‌ನ ಸರ್ಚ್ ಪೇಜ್ ಹೋಗಲಿಲ್ಲ. ಎಕ್ಸ್‌ಟೆನ್ಷನ್ (ಬ್ರೌಸರಿಗೆ ಅಂಟಿಕೊಳ್ಳುವ ಸಣ್ಣ ಪ್ರೋಗ್ರಾಮ್) ಪಟ್ಟಿಯಲ್ಲಿ ಒಂದು ಅಪರಿಚಿತ ಹೆಸರು, ಅದಕ್ಕೆ ‘ರಿಮೂವ್’ ಬಟನ್ನೇ ಇಲ್ಲ. ಮೆನುವಿನ ತುದಿಯಲ್ಲಿ ‘ನಿಮ್ಮ ಸಂಸ್ಥೆ ಈ ಬ್ರೌಸರನ್ನು ನಿರ್ವಹಿಸುತ್ತಿದೆ’ ಅನ್ನುವ ಸಾಲು ಬೇರೆ. ಮನೆ ಲ್ಯಾಪ್‌ಟಾಪಿಗೆ ಎಲ್ಲಿಯ ಸಂಸ್ಥೆ ರೀ?

ದೊಡ್ಡ ಆಫೀಸುಗಳು ನೂರಾರು ಕಂಪ್ಯೂಟರಿಗೆ ಒಂದೇ ಎಕ್ಸ್‌ಟೆನ್ಷನ್ ಕಡ್ಡಾಯ ಮಾಡಲೆಂದು ಗೂಗಲ್ ಇಟ್ಟಿರುವ ವ್ಯವಸ್ಥೆ ಇದು, ಹೆಸರು ‘ಪಾಲಿಸಿ’. ರಿಜಿಸ್ಟ್ರಿಯಲ್ಲಿ ಪಾಲಿಸೀಸ್, ಗೂಗಲ್, ಕ್ರೋಮ್ ಅಂತ ಒಂದು ಜಾಗ. ಅಲ್ಲಿ ‘ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಕೆಳಗೆ ಬರೆದದ್ದನ್ನು ಕ್ರೋಮ್ ಯಜಮಾನನ ಆಜ್ಞೆ ಅಂತಲೇ ನಂಬುತ್ತದೆ. ಆಡ್‌ವೇರ್ ಅಲ್ಲಿ ತನ್ನದನ್ನು ಬರೆದುಬಿಡುತ್ತದೆ. ಅಡ್ರೆಸ್ ಬಾರಿನಲ್ಲಿ chrome://policy ಅಂತ ಟೈಪ್ ಮಾಡಿ ಪಾಲಿಸಿ ಪುಟ ತೆರೆದರೆ ಎಲ್ಲ ಕಾಣುತ್ತದೆ. ಅಲ್ಲಿ ಎಕ್ಸ್‌ಟೆನ್ಷನ್ನಿನ ಹೆಸರು ಇರುವುದಿಲ್ಲ, 32 ಅಕ್ಷರಗಳ ಅರ್ಥವಿಲ್ಲದ ಗುರುತು ಮಾತ್ರ. ರೆವೊ, ಬಿಸಿಯು ಎರಡೂ ಎಡವಿದ್ದು ಇಲ್ಲೇ. ಅವು ಹುಡುಕುವುದು ಪ್ರೋಗ್ರಾಮನ್ನು, ಅದರ ಹೆಸರಿನ ಜಾಡನ್ನು. ಈ 32 ಅಕ್ಷರಕ್ಕೂ ಪಿಡಿಎಫ್ ಸಾಫ್ಟ್‌ವೇರಿಗೂ ಹೆಸರಿನ ನಂಟೇ ಇಲ್ಲ.

ಆಡ್ವ್‌ಕ್ಲೀನರ್ ಇದನ್ನು ಹಿಡಿಯಿತು. ಹಿಡಿದು ಕ್ವಾರಂಟೈನ್ ಮಾಡಿತು, ರೀಸ್ಟಾರ್ಟ್ ಮಾಡಿದೆ, ಮತ್ತೆ ಹಾಜರ್! ಹೊತ್ತು ಹೊತ್ತಿಗೆ ತಾನೇ ಕೆಲಸ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ತೆರೆದರೆ ಗುಟ್ಟು ಅಲ್ಲಿತ್ತು: ಯಾರಾದರೂ ಲಾಗಿನ್ ಆದ ಕೂಡಲೇ ಪಾಲಿಸಿಯನ್ನು ಮತ್ತೆ ಬರೆಯುವ ಒಂದು ಟಾಸ್ಕ್, ಅದೂ ‘ಅಪ್‌ಡೇಟ್’ ಅನ್ನುವ ಅಮಾಯಕ ಹೆಸರಿನಲ್ಲಿ. ಅದು ಓಡಿಸುವ ಫೈಲ್ ಆಪ್‌ಡೇಟಾ ಫೋಲ್ಡರಿನೊಳಗೆ ಕೂತಿತ್ತು. ಟಾಸ್ಕನ್ನೂ ಫೈಲನ್ನೂ ಅಳಿಸಿ, ಆಡ್ವ್‌ಕ್ಲೀನರ್ ಸೆಟ್ಟಿಂಗ್ಸ್‌ನಲ್ಲಿ ‘ರಿಸೆಟ್ ಕ್ರೋಮ್ ಪಾಲಿಸೀಸ್’ ಆನ್ ಮಾಡಿ ಇನ್ನೊಮ್ಮೆ ಓಡಿಸಿದೆ. ಆಗ ಹೋಯಿತು. ಅಂದರೆ ನನ್ನ ಮೆಚ್ಚಿನದೂ ಒಂಟಿಯಾಗಿ ಗೆಲ್ಲಲಿಲ್ಲ, ಆದರೆ ರೋಗ ಎಲ್ಲಿದೆ ಅಂತ ತೋರಿಸಿದ್ದು ಅದೊಂದೇ.

ಬಲಮೂಲೆಯಲ್ಲಿ ‘ನಿಮ್ಮ ಪಿಸಿಗೆ ವೈರಸ್’ ಅಂತ ಹಾರುವ ಚೀಟಿಗಳು ಬೇರೆ ಕಥೆ. ಸಾಮಾನ್ಯವಾಗಿ ಅವು ಯಾವುದೋ ಸೈಟಿಗೆ ಕೊಟ್ಟ ನೋಟಿಫಿಕೇಶನ್ ಅನುಮತಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದರೆ ಮುಗಿಯಿತು.

ಫಾರ್ಮ್ಯಾಟ್? ಹರಿಹರದ ತಂಗಿಯ ಮನೆಯಲ್ಲಿ ಇದೇ ರಗಳೆಗೆ ಅಂಗಡಿಯವನಿಗೆ 500 ರೂಪಾಯಿ ಕೊಟ್ಟು ಫಾರ್ಮ್ಯಾಟ್ ಮಾಡಿಸಿದರು. ಕಸ ಪೂರ್ತಿ ಹೋಯಿತು, ಸುಳ್ಳು ಹೇಳಬಾರದು. ಆದರೆ ಪ್ರಿಂಟರ್ ಡ್ರೈವರ್ ಹೋಯಿತು, ನುಡಿ ಹೋಯಿತು. ನುಡಿ ಫಾಂಟ್ ಇಲ್ಲದೆ ಭಾವನ ಹಳೇ ಪತ್ರಗಳೆಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಮೇಲೆ ಅಂಗಡಿಯವನ ಕಾಣಿಕೆಯಾಗಿ ಒಂದು ಟ್ರಯಲ್ ಆಂಟಿವೈರಸ್, ಎರಡು ಪ್ಲೇಯರ್. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹೇಗಿದ್ದರೂ 11ಕ್ಕೆ ಹೋಗುವವರು 8 ಜಿಬಿ ಪೆನ್‌ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ತಾವೇ ಹಾಕಿಕೊಳ್ಳಲಿ. ಉಳಿದವರಿಗೆ ಇದು ಕೊನೆಯ ದಾರಿ.

ನನ್ನಂಥ ಟ್ಯಾಲಿ-ನುಡಿ ಮನುಷ್ಯನಿಗೆ, ಖರ್ಚು ಸೊನ್ನೆ ಇರಬೇಕು ಅನ್ನುವವನಿಗೆ ಆಡ್ವ್‌ಕ್ಲೀನರೇ ಸರಿ. 2016ರಿಂದ ಅದು ಮಾಲ್‌ವೇರ್‌ಬೈಟ್ಸ್ ಕಂಪನಿಯದು, ಅವರ ಸೈಟಿನಿಂದಲೇ ಇಳಿಸಿ. ಸರ್ಚ್‌ನಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ಫ್ಯಾಕ್ಟರಿಯಿಂದಲೇ ಬಂದ ಸಾಫ್ಟ್‌ವೇರನ್ನು ಅದು ಬೇರೆ ಪಟ್ಟಿಯಲ್ಲಿ ತೋರಿಸುತ್ತದೆ. ಅಲ್ಲಿ ಓದಿ ಟಿಕ್ ಹಾಕಿ, ಕೀಬೋರ್ಡಿನ ಬ್ರೈಟ್‌ನೆಸ್ ಬಟನ್ ನಡೆಸುವ ಪ್ರೋಗ್ರಾಮೂ ಅದರೊಳಗಿರಬಹುದು.

ವಿಂಡೋಸ್ ಸೆಕ್ಯುರಿಟಿಯಲ್ಲಿ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಒಳಗೆ ಬೇಡದ ಆಪ್ ತಡೆಯುವ ಸ್ವಿಚ್ ಒಂದಿದೆ. ನಮ್ಮಲ್ಲಿ ಅದು ಆಫ್ ಆಗಿತ್ತು. ನಿಮ್ಮದನ್ನೂ ಒಮ್ಮೆ ತೆರೆದು ನೋಡಿ, ‘ಬ್ಲಾಕ್ ಆಪ್ಸ್’, ‘ಬ್ಲಾಕ್ ಡೌನ್‌ಲೋಡ್ಸ್’ ಎರಡಕ್ಕೂ ಟಿಕ್ ಇರಬೇಕು.