ಹರಿವೆ ಮಡಿಯಲ್ಲಿ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಜೀವಾಮೃತ

ಸಾವಯವ ಕೃಷಿ ಕಲಿಯಲು ಕಾಲೇಜಿನ ತಾಕಿಗಿಳಿದವರು ಮೊದಲು ಕೇಳುವ ಪ್ರಶ್ನೆ ಇದು: ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ನೀರಲ್ಲಿ ಕಲಸಿ ಹುಳಿಸಿದ ದ್ರಾವಣ), ಈ ಮೂರರಲ್ಲಿ ಯಾವುದು ಮೇಲು? ಮೂರನ್ನೂ ಕೆಂಪುಮಣ್ಣಿನಲ್ಲಿ ಹರಿವೆಗೆ ಹಾಕಿ ನೋಡಿದೆವು. ಹರಿವೆ 25-30 ದಿನಕ್ಕೆ ಕೊಯ್ಲಿಗೆ ಬರುವುದರಿಂದ ಒಂದೇ ಸೆಮಿಸ್ಟರಿನಲ್ಲಿ ಎರಡು ಬೆಳೆ ತೆಗೆಯಬಹುದು.

ಮಡಿ 3 ಮೀಟರ್ ಉದ್ದ, 1 ಮೀಟರ್ ಅಗಲ. ಒಂದೊಂದು ಗೊಬ್ಬರಕ್ಕೆ ಮೂರು ಮಡಿ, ಏನೂ ಹಾಕದವು ಮೂರು, ಒಟ್ಟು 12. ಯಾವ ಮಡಿಗೆ ಯಾವುದೆಂದು ಚೀಟಿ ಎತ್ತಿಯೇ ಗೊತ್ತುಮಾಡಬೇಕು. ಇಲ್ಲವಾದರೆ ಇಷ್ಟದ ಗೊಬ್ಬರಕ್ಕೆ ಒಳ್ಳೆಯ ಮಡಿ ಸಿಗುತ್ತದೆ, ಬೇಡದ್ದಕ್ಕೆ ಮರದ ನೆರಳು. ಮಡಿಗಳ ನಡುವೆ ಅರ್ಧ ಮೀಟರ್ ದಾರಿ ಬಿಡಿ. ನೀರು ಒಂದರಿಂದ ಇನ್ನೊಂದಕ್ಕೆ ಹರಿದರೆ ಹೋಲಿಕೆ ಅಲ್ಲಿಗೇ ಕೆಟ್ಟಿತು.

ಎಕರೆ ಲೆಕ್ಕವನ್ನು ಮಡಿಗೆ ಇಳಿಸುವುದೇ ದೊಡ್ಡ ಪಾಠ. ಕೊಟ್ಟಿಗೆ ಗೊಬ್ಬರ ಎಕರೆಗೆ 10 ಟನ್, ಅಂದರೆ ಮಡಿಗೆ ಏಳೂವರೆ ಕೆ.ಜಿ. ಎರೆಗೊಬ್ಬರ 2 ಟನ್, ಮಡಿಗೆ ಒಂದೂವರೆ ಕೆ.ಜಿ. ಜೀವಾಮೃತ 200 ಲೀಟರ್, ಮಡಿಗೆ ಬರೀ 150 ಮಿ.ಲೀ., ಒಂದು ಸಣ್ಣ ಲೋಟದಷ್ಟು! ಇಷ್ಟು ಸಾಲದೆಂದು ಬಕೆಟ್‌ಗಟ್ಟಲೆ ಸುರಿಯುವವರೇ ಹೆಚ್ಚು. ಒಂದೂವರೆ ಲೀಟರ್ ನೀರಿಗೆ ಬೆರೆಸಿ, ಸಂಜೆ, ಒದ್ದೆ ಮಣ್ಣಿಗೆ ಹಾಕಿದರೆ ಮಡಿಯೆಲ್ಲ ಮುಟ್ಟುತ್ತದೆ.

ಈಗ ಸಾರಜನಕ ಲೆಕ್ಕ ಹಾಕಿ. ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇ. 0.5 ಎಂದರೂ ಮಡಿಗೆ 37 ಗ್ರಾಂ. ಎರೆಗೊಬ್ಬರದಲ್ಲಿ ಶೇ. 1.5 ಎಂದರೆ 22 ಗ್ರಾಂ. ಜೀವಾಮೃತದಲ್ಲಿ ಒಂದು ಗ್ರಾಂ ಕೂಡ ಇಲ್ಲ. ಅದು ಗೊಬ್ಬರವಲ್ಲ, ಮಣ್ಣಿನ ಸೂಕ್ಷ್ಮಜೀವಿಗಳನ್ನು ಹೆಚ್ಚಿಸಲು ಹಾಕುವಂಥದ್ದು, ಮೊಸರಿಗೆ ಹಾಕುವ ಹೆಪ್ಪಿನ ಹಾಗೆ. ಜೀವಾಮೃತವನ್ನು ಜನಪ್ರಿಯಗೊಳಿಸಿದ ಸುಭಾಷ್ ಪಾಳೇಕರ್ ಕೂಡ ಅದನ್ನು ಗಿಡದ ಆಹಾರ ಎನ್ನುವುದಿಲ್ಲ. ಮಣ್ಣಿನ ಮೇಲೆ ಹುಲ್ಲು-ಎಲೆಯ ಹೊದಿಕೆಯೂ ಜೊತೆಗಿರಲಿ ಎನ್ನುತ್ತಾರೆ. ನಮ್ಮ ಬರಿಮಣ್ಣಿನ ಮಡಿಗಳಲ್ಲಿ ಎರಡು ಸಲ ಕೊಟ್ಟರೂ, ಏನೂ ಹಾಕದ ಮಡಿಗಿಂತ ಬೇರೆಯಾಗಿ ಕಾಣಲಿಲ್ಲ. ಮೂರು ಇಂಚು ಹುಲ್ಲು ಹೊದಿಸಿ ಕೊಟ್ಟಾಗ ಎಲೆ ಅಗಲವಾಯಿತು. ಆದರೆ ಅದು ಹುಲ್ಲಿನ ಗುಣವೋ ಜೀವಾಮೃತದ ಗುಣವೋ? ಬರೀ ಹುಲ್ಲು ಹೊದಿಸಿದ ಮೂರು ಮಡಿ ಇಲ್ಲದೆ ಇದಕ್ಕೆ ಉತ್ತರ ಸಿಗದು. ಮೊದಲಿಂದಲೇ 15 ಮಡಿ ಮಾಡಿಕೊಳ್ಳಿ.

ತಯಾರಿಕೆಯಲ್ಲಿ ಜೀವಾಮೃತ ಎಲ್ಲಕ್ಕಿಂತ ಬೇಗ. 20 ಲೀಟರ್ ನೀರಿಗೆ 1 ಕೆ.ಜಿ. ತಾಜಾ ಸಗಣಿ, ಒಂದು ಲೀಟರಿನ ಒಳಗೆ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಹುರುಳಿ ಅಥವಾ ಕಡಲೆ ಹಿಟ್ಟು, ಬದುವಿನ ಮಣ್ಣು ಒಂದು ಚಿಟಿಕೆ. ಹಿಟ್ಟನ್ನು ಹಾಗೇ ಸುರಿದರೆ ಗಂಟು ಕಟ್ಟುತ್ತದೆ. ಅಂಬಲಿಗೆ ಮಾಡುವ ಹಾಗೆ ಮೊದಲು ತಣ್ಣೀರಲ್ಲಿ ಕದಡಿ ಸೇರಿಸಿ. ಪ್ಲಾಸ್ಟಿಕ್ ಡ್ರಮ್ಮು ನೆರಳಲ್ಲಿರಲಿ, ಬಾಯಿಗೆ ಗೋಣಿ ಮುಚ್ಚಿ, ಬೆಳಗ್ಗೆ ಸಂಜೆ ಕೋಲಿನಿಂದ ತಿರುವಿ. 48 ಗಂಟೆಗೆ ಹುಳಿಹುಳಿ ವಾಸನೆ ಬಂದರೆ ಸರಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿಯಾಡಿಲ್ಲ. ವಾರದೊಳಗೆ ಮುಗಿಸಿ.

ಎರೆಗೊಬ್ಬರ ಕೈಗೆ ಬರಲು 45-60 ದಿನ. ಹಸಿ ಸಗಣಿಗೆ ಹುಳು ಬಿಟ್ಟರೆ ಕಾವಿಗೆ ಸಾಯುತ್ತವೆ. ಹದಿನೈದು ದಿನ ಹರಡಿ, ಒಳಗೆ ಕೈ ಹಾಕಿದಾಗ ಬಿಸಿ ತಾಗದಿದ್ದರೆ ಮಾತ್ರ ಬಿಡಿ. ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ ಸಾಕು, ಇರುವೆ ಬಾರದಂತೆ ತೊಟ್ಟಿಯ ಸುತ್ತ ನೀರಿನ ಕಾಲುವೆ ಬೇಕು. ತೆಗೆಯುವ ನಾಲ್ಕೈದು ದಿನ ಮೊದಲು ನೀರು ನಿಲ್ಲಿಸಿ, ಬೆಳಕಿನಲ್ಲಿ ಗುಡ್ಡೆ ಹಾಕಿದರೆ ಹುಳು ತಳಕ್ಕೆ ಇಳಿಯುತ್ತವೆ. ಮೊದಲ ಕೊಯ್ಲಿಗೆ ಇದೇ ಮೇಲು, ಅದರಲ್ಲಿ ಅನುಮಾನವಿಲ್ಲ. ಸಸಿ ಸಮನಾಗಿ ಎದ್ದವು, ಕಳೆಯೂ ಕಡಿಮೆ.

ಕೊಟ್ಟಿಗೆ ಗೊಬ್ಬರ ಹಾಕಿದ ಮಡಿಯಲ್ಲಿ ಕಳೆ ಕೀಳುವುದೇ ಕೆಲಸ, ಏಕೆಂದರೆ ದನ ತಿಂದ ಬೀಜಗಳು ಸಗಣಿಯಲ್ಲೂ ಬದುಕಿರುತ್ತವೆ. ಅರೆಕೊಳೆತದ್ದಾದರೆ ಗೊಣ್ಣೆಹುಳು, ಗೆದ್ದಲು ಬೇರೆ. ಒಂದು ಹಿಡಿಯನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಹಾಕಬಹುದು, ಮೂಗಿಗೆ ಹೊಡೆದರೆ ತಿಪ್ಪೆಗೆ ವಾಪಸ್. ಗುಂಡಿ ತುಂಬಿ ಮೂರ್ನಾಲ್ಕು ತಿಂಗಳು ಕಾಯಬೇಕಾದ್ದರಿಂದ ಸೆಮಿಸ್ಟರಿನ ಮೊದಲ ವಾರವೇ ಗುಂಡಿ ತುಂಬಿ. ಮೊದಲ ಬಿತ್ತನೆಗೆ ಹಿಂದಿನ ತಂಡದ ಗುಂಡಿಯದ್ದನ್ನು ಬಳಸಿ.

ಎರಡನೆಯ ಹರಿವೆಯನ್ನು ಅದೇ ಮಡಿಗಳಿಗೆ ಏನೂ ಸೇರಿಸದೆ ಬಿತ್ತಿದೆವು. ಎರೆಗೊಬ್ಬರದ ಮಡಿ ಸೊರಗಿತು, ಕೊಟ್ಟಿಗೆ ಗೊಬ್ಬರದ ಮಡಿಯಲ್ಲಿ ಎಲೆ ಇನ್ನೂ ಗಾಢ ಬಣ್ಣದಲ್ಲಿತ್ತು. ನೀರು ಬಿದ್ದ ಮೇಲೆ ಮೇಲ್ಮಣ್ಣು ಹೆಕ್ಕಳಿಕೆ ಕಟ್ಟದೆ ಬೆರಳಿಗೆ ಪುಡಿಯಾಗುತ್ತಿದ್ದದ್ದೂ ಅಲ್ಲಿ ಮಾತ್ರ.