ಪುಣೆಯಲ್ಲಿ ‘ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್’ ಡಿಗ್ರಿಗೆ ದುಡ್ಡು ಕಟ್ಟುವ ಮುನ್ನ

ಹನ್ನೆರಡನೇ ತರಗತಿಯ ರಿಸಲ್ಟ್ ಬರುತ್ತಿದ್ದಂತೆ ಪುಣೆಯಲ್ಲಿ ಹುಲಿ ಚಿತ್ರದ ಜಾಹೀರಾತುಗಳು ಶುರುವಾಗುತ್ತವೆ. ಕಡಿಮೆ ಫೀಸು, ವನ್ಯಜೀವಿ ನಿರ್ವಹಣೆಯಲ್ಲಿ ಪದವಿ, ಅರಣ್ಯ ಇಲಾಖೆಯಲ್ಲಿ ನೌಕರಿ. ಮಕ್ಕಳನ್ನು ಸೇರಿಸುವ ಯೋಚನೆಯಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಓದಿ. ನಮ್ಮ ಅಣ್ಣನ ಮಗಳ ಒಂದು ವರ್ಷ ಇಂಥದ್ದರಲ್ಲೇ ಹಾಳಾಯಿತು.

ಹುಡುಗಿ ಬಾಗಲಕೋಟೆಯವಳು, ಪಿಯುಸಿ ಸೈನ್ಸ್, ಕಾಡುಪ್ರಾಣಿ ಅಂದರೆ ಪ್ರಾಣ. ಪುಣೆಯ ಪಕ್ಕದ ಚಿಂಚವಾಡದ ನಮ್ಮ ಮನೆಯಲ್ಲಿದ್ದು ಓದಲಿ ಎಂದು ಅಣ್ಣ ಕಳಿಸಿದ್ದ. ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಮಾಹಿತಿ ಪುಸ್ತಕದಲ್ಲಿ ವರ್ಷಕ್ಕೆ 45,000 ರೂಪಾಯಿ ಎಂದಿತ್ತು. ಸೇರಿದ ಮೇಲೆ ಕ್ಯಾಂಪಿಗೆ ಬೇರೆ, ಕಿಟ್‌ಗೆ ಬೇರೆ, ಪರೀಕ್ಷೆಗೆ ಬೇರೆ, ನೋಂದಣಿಗೆ ಬೇರೆ. ವರ್ಷ ಮುಗಿಯುವಷ್ಟರಲ್ಲಿ ಲಕ್ಷ ದಾಟಿತ್ತು. ‘ಹುಲಿ ಗಣತಿ ತರಬೇತಿ’ ಎಂದು ಮಹಾರಾಷ್ಟ್ರದ ತಾಡೋಬಾ ಹುಲಿ ಮೀಸಲು ಕಾಡಿಗೆ ಕರೆದೊಯ್ದವರು ಪ್ರವಾಸಿಗರ ಟಿಕೆಟಿನಲ್ಲಿ ಜಿಪ್ಸಿ ಸಫಾರಿ ಮಾಡಿಸಿ ವಾಪಸ್ ತಂದು ಬಿಟ್ಟರು. ದೇಶದ ಹುಲಿ ಗಣತಿ ನಡೆಯುವುದು ನಾಲ್ಕು ವರ್ಷಕ್ಕೊಮ್ಮೆ. ಅದನ್ನು ನಡೆಸುವುದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ರಾಜ್ಯಗಳ ಅರಣ್ಯ ಇಲಾಖೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗೆ ಅಧ್ಯಯನಕ್ಕೆ ಹೋಗಲು ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಆ ಕಾಗದ ತೋರಿಸಿ ಎಂದು ಕೇಳಿದಾಗ ಸಂಸ್ಥೆಯವರ ಹತ್ತಿರ ಏನೂ ಇರಲಿಲ್ಲ.

ದುಡ್ಡಿನ ಮಾತು ಹಾಗಿರಲಿ. ನಿಜವಾದ ಪೆಟ್ಟು ಬಿದ್ದದ್ದು ನೋಂದಣಿ ಚೀಟಿ ಕೈಗೆ ಬಂದಾಗ.

“ಕಾಕಾ, ಇದರಾಗ ಬಿಎಸ್ಸಿ ಅಂತ ಎಲ್ಲೂ ಇಲ್ಲ. ಬಿಬಿಎ ಅಂತ ಐತಿ.”

ಅದೂ ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣದ ಬಿಬಿಎ. ‘ಮ್ಯಾನೇಜ್‌ಮೆಂಟ್ ಕೋರ್ಸು ಅಂತ ಮೊದಲೇ ಹೇಳಿದ್ದೆವಲ್ಲ’ ಎಂದರು ಆಫೀಸಿನವರು. ಈ ಮೋಸ ಎಷ್ಟು ಆಳದ್ದು ನೋಡಿ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಲು ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಪಶುವೈದ್ಯ, ಭೌತ, ರಸಾಯನ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ ಇವುಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಬಿಬಿಎ ಹಿಡಿದುಕೊಂಡು ಹೋದ ಮಗುವಿಗೆ ಅಲ್ಲಿ ಅರ್ಜಿ ಹಾಕಲೂ ಆಗುವುದಿಲ್ಲ. ಇದನ್ನು ಮೂರು ವರ್ಷ ಕಳೆದ ಮೇಲೆ ತಿಳಿಯುವ ಮಕ್ಕಳೂ ಇರುತ್ತಾರಲ್ಲ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಫೀಸು ಎಷ್ಟು ಎಂದು ಕೇಳುವ ಮೊದಲು ಎರಡು ಸಂಗತಿ ಬರಹದಲ್ಲಿ ಕೇಳಿ: ಡಿಗ್ರಿ ಕೊಡುವ ವಿಶ್ವವಿದ್ಯಾಲಯ ಯಾವುದು, ಸರ್ಟಿಫಿಕೇಟಿನ ಮೇಲೆ ಅಚ್ಚಾಗುವ ಪದವಿಯ ಹೆಸರೇನು. ಆಮೇಲೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವೆಬ್‌ಸೈಟಿನ ಪಟ್ಟಿಯಲ್ಲಿ ನೀವೇ ಹುಡುಕಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಫ್ರಾಂಚೈಸಿ ಕೊಟ್ಟು, ಅಂದರೆ ತನ್ನ ಹೆಸರಿನಲ್ಲಿ ಬೇರೆ ಸಂಸ್ಥೆಯವರಿಂದ, ಕೋರ್ಸು ನಡೆಸಲು ಯಾವ ವಿಶ್ವವಿದ್ಯಾಲಯಕ್ಕೂ ಯುಜಿಸಿ ಅವಕಾಶ ಕೊಟ್ಟಿಲ್ಲ.

ಕಡಿಮೆ ಖರ್ಚಿನ ನೇರ ದಾರಿ ಇಲ್ಲದಿಲ್ಲ. ಶಿರಸಿ ಮತ್ತು ಪೊನ್ನಂಪೇಟೆಯ ಸರ್ಕಾರಿ ಅರಣ್ಯ ಕಾಲೇಜುಗಳಲ್ಲಿ ನಾಲ್ಕು ವರ್ಷದ ಬಿಎಸ್ಸಿ ಫಾರೆಸ್ಟ್ರಿ ಇದೆ, ಸೀಟು ಸಿಇಟಿ ಮೂಲಕ. ಮಹಾರಾಷ್ಟ್ರದಲ್ಲೇ ಓದಿದ ಮಕ್ಕಳಿಗೆ ದಾಪೋಲಿ, ಅಕೋಲಾದ ಅರಣ್ಯ ಕಾಲೇಜುಗಳಿವೆ. ಅಲ್ಲೂ ಸಿಗದಿದ್ದರೆ ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಬಿಎಸ್ಸಿ ಮಾಡಿ, ವನ್ಯಜೀವಿ ವಿಷಯವನ್ನು ಎಂಎಸ್ಸಿಗೆ ತೆಗೆದುಕೊಳ್ಳಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅದಕ್ಕೇ ಒಂದು ವಿಭಾಗವಿದೆ. ನಮ್ಮ ಹುಡುಗಿ ಈಗ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ.

ಇನ್ನೊಂದು ಮಾತು. ಮೂಲ ಅಂಕಪಟ್ಟಿ ಯಾರಿಗೂ ಕೊಟ್ಟು ಬರಬೇಡಿ. ತಾಳೆ ನೋಡಿ ಕೂಡಲೇ ಮರಳಿಸಬೇಕು ಎಂದು ಯುಜಿಸಿ 2018ರ ಅಕ್ಟೋಬರಿನಲ್ಲೇ ಸೂಚನೆ ಹೊರಡಿಸಿದೆ. ನಮ್ಮ ಹುಡುಗಿಯ ಅಂಕಪಟ್ಟಿಯನ್ನು ಅವರು ತಿಂಗಳುಗಟ್ಟಲೆ ಇಟ್ಟುಕೊಂಡು ಸತಾಯಿಸಿದರು. ಪೊಲೀಸ್ ಠಾಣೆಗೆ ಲಿಖಿತ ದೂರು ಹೋದ ಮೇಲಷ್ಟೇ ಕೊಟ್ಟರು. ಫೀಸಿನ ದುಡ್ಡು ಇನ್ನೂ ಬಂದಿಲ್ಲ. ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇವೆ. ನಿಮಗೂ ಹೀಗೇ ಆಗಿದ್ದರೆ ಎಲ್ಲ ರಸೀದಿ ಜೋಡಿಸಿಕೊಂಡು ಅಲ್ಲಿಂದಲೇ ಶುರು ಮಾಡಿ.